ಕಿವಿಯಪ್ಪನ ಆಯುಧಪೂಜೆ

ನಮ್ಮ ಕಂಪನಿಯಲ್ಲಿ ನೌಕರರ ಅಭಿಪ್ರಾಯ ಕೇಳುವ ಪದ್ಧತಿ ಮೊದಲಿನಿಂದಲೂ ಇತ್ತು. ಅಭಿಪ್ರಾಯ ಹೇಳುವ ಪದ್ಧತಿ ಮಾತ್ರ ಇರಲಿಲ್ಲ. ವರ್ಷಕ್ಕೊಮ್ಮೆ ಎಲ್ಲರ ಕೈಗೂ ಪ್ರಶ್ನೆಗಳು ಬರುತ್ತಿದ್ದವು. ಇಲ್ಲಿ ಕೆಲಸ ಮಾಡುವುದರಲ್ಲಿ ನಿಮಗೆ ಇಷ್ಟವಾದದ್ದೇನು, ಇಷ್ಟವಾಗದ್ದೇನು? ಪಕ್ಕದವನು ಏನು ಬರೆದಿದ್ದಾನೆಂದು ಇಣುಕಿ ನೋಡಿ, ಎರಡಕ್ಕೂ 'ಪರವಾಗಿಲ್ಲ' ಎಂದು ಬರೆದು ಕೊಟ್ಟು, ಸಂಜೆ ಬಸ್ಸಿನಲ್ಲಿ ಕೂತ ಮೇಲೆ ಕಂಪನಿಯ ಏಳು ತಲೆಮಾರನ್ನು ಜಾಲಾಡುವುದು ನಮ್ಮ ಜನರ ರೂಢಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗಾದೆಯೇ ಇರುವಾಗ ಯಾರನ್ನು ಬಯ್ಯುವುದು?

ಸರ್ವೋನ್ನತಿ ಕಾರ್ಪೊರೇಷನ್ ಅಂದರೆ ಕಸ ಎತ್ತುವ ಕಾರ್ಪೊರೇಷನ್ ಅಂತ ತಿಳಿಯಬೇಡಿ. ನಂಜನಗೂಡು ದಾಟಿದ ಮೇಲೆ ರಸ್ತೆಯ ಎಡಕ್ಕೆ ಕಣ್ಣು ಹಾಯುವಷ್ಟೂ ದೂರ ಕಾಣುವ ಬಿಳಿ ಗೋಡೆ ನಮ್ಮದು. ಅದರೊಳಗೆ ಬ್ಯಾಟರಿ ಕಾರ್ಖಾನೆ, ಆಸ್ಪತ್ರೆ, ಶಾಲೆ, ಕ್ವಾರ್ಟರ್ಸು, ಕೊನೆಗೆ ದೇವಸ್ಥಾನ ಕೂಡ. ಒಳಗೆ ಹುಟ್ಟಿದ ಮಗು ಹೊರಗೆ ಕಾಲಿಡದೆ ಮದುವೆಯವರೆಗೂ ಬದುಕಬಹುದು ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತಿದ್ದೆವು. ನನ್ನ ಹೆಸರು ದಾಕ್ಷಾಯಿಣಿ. ನೌಕರರ ಇಷ್ಟಕಷ್ಟ ತಿಳಿದುಕೊಳ್ಳುವ ವಿಭಾಗದಲ್ಲಿ ನನ್ನ ಕೆಲಸ. ಗಂಡ ಗುರುಮಲ್ಲೇಶ ಕಂಪನಿಯ ಬಸ್ಸುಗಳ ಉಸ್ತುವಾರಿ.

ನಮ್ಮ ವಿಭಾಗದ ಮುಖ್ಯಸ್ಥರು ಅನಂತಸ್ವಾಮಿಗಳು. ಸಣಕಲು ಮನುಷ್ಯ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಒಂದು ದಿನ ನನ್ನನ್ನು ಪ್ರಯೋಗಶಾಲೆಗೆ ಕರೆದು, ಉದ್ದಿನಬೇಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆಯನ್ನು ನನ್ನ ಗಂಟಲಿನ ಗುಣಿಗೆ ಅಂಟಿಸಿದರು.

"ನನ್ನ ಬಗ್ಗೆ ನಿಮಗೆ ಏನನ್ಸುತ್ತೆ ಹೇಳಿ."

"ನೀವು ಬಹಳ ಒಳ್ಳೆಯವರು ಸಾರ್," ಎಂದೆ.

ಎದುರಿನ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಲವಂಗ ಅಗಿಯೋ ಸದ್ದು ನಿಲ್ಲಿಸಿದ್ರೆ ಸಾಕಪ್ಪ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ನಾವು ಮಾತು ನುಂಗಿಕೊಳ್ತೀವಲ್ಲ, ಆಗ ಮಾತೇನೂ ಸಾಯಲ್ಲ ಕಣಮ್ಮ. ಸದ್ದು ಬರದೇ ಇದ್ರೂ ನಾಲಿಗೆಯ ಬುಡ, ಗಂಟಲಿನ ಸ್ನಾಯು ಆ ಮಾತಿನ ಆಕಾರಕ್ಕೇ ಅದುರುತ್ತೆ. ಆ ಅದುರಿನಲ್ಲಿರೋ ಒಂದಿಷ್ಟು ವಿದ್ಯುತ್ತನ್ನ ಈ ಬಿಲ್ಲೆ ಹಿಡಿಯುತ್ತೆ. ಗೋಡೆಗೆ ಹಾಕಿರೋ ಪೆಟ್ಟಿಗೆಗಳು ಅದನ್ನ ಕೆಳಗಿನ ಯಂತ್ರಕ್ಕೆ ಕಳಿಸ್ತವೆ. ಇಷ್ಟೇ."

ಯಂತ್ರಕ್ಕೆ ಕಂಪನಿ ಇಟ್ಟ ಹೆಸರು 'ಅಂತಃಶ್ರವಣ'. ಕ್ಯಾಂಟೀನಿನವರು ಇಟ್ಟ ಹೆಸರು ಕಿವಿಯಪ್ಪ. ಉಳಿದದ್ದು ಯಾವುದೆಂದು ಹೇಳಬೇಕಾಗಿಲ್ಲ.

ಜನ ಬಿಲ್ಲೆಗೆ ಹೆದರುತ್ತಾರೆ, ಮುಷ್ಕರ ಹೂಡುತ್ತಾರೆ ಎಂದು ಆಡಳಿತದವರು ಅಂದುಕೊಂಡಿದ್ದರು. ಮೊದಮೊದಲು ಗೊಣಗಿದ್ದೂ ಉಂಟು. ಆದರೆ ಮೊದಲ ವಾರ ಕಿವಿಯಪ್ಪ ಕೇಳಿಸಿಕೊಂಡ ಮಾತು ಕಂಪನಿಯನ್ನೇ ನಾಚಿಸಿತು. ಲಕ್ಷಗಟ್ಟಲೆ ನುಂಗಿದ ಮಾತುಗಳಲ್ಲಿ ಮೊದಲ ಸಾಲಿನಲ್ಲಿ ಸಂಬಳ ಇರಲಿಲ್ಲ, ಬಡ್ತಿಯೂ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಲ ನುಂಗಿದ ಮಾತು, 'ಇನ್ನೊಂದ್ ಸ್ವಲ್ಪ ಹಾಕಿ'. ಊಟಕ್ಕೆ ಕೂತು, ಸಾರು ಸಾಲದೆ, ಕೇಳಲು ನಾಚಿಕೊಂಡು, ಒಣ ಅನ್ನವನ್ನೇ ಕಲಸಿ ತಿಂದು ಎದ್ದುಹೋಗುತ್ತಿದ್ದ ಜನ ನಾವು.

ಮರುವಾರದಿಂದ ಬಡಿಸುವವರ ಕಿವಿಗೆ ಸೂಚನೆ ಹೋಗತೊಡಗಿತು. ಸಾರು ತಾನಾಗಿ ಬಂತು. 'ನಾವೆಲ್ಲ ಒಂದೇ ಕುಟುಂಬ' ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ ಮ್ಯಾನೇಜರಿಗೆ ಆ ಮಾತು ನಿಲ್ಲಿಸಲು ಹೇಳಲಾಯಿತು. ಬಸ್ಸಿನಲ್ಲಿ ಬಿಸಿಲು ಮುಖಕ್ಕೆ ಹೊಡೆಯುತ್ತದೆಂದು ಯಾರ್‍ಯಾರೋ ನುಂಗಿಕೊಂಡಿದ್ದಕ್ಕೆ ಎಲ್ಲ ಬಸ್ಸಿಗೂ ಕಪ್ಪು ಗಾಜು ಬಂತು. ಒಳಗಿನವರಿಗೆ ಹೊರಗಿನದು ಕಾಣುತ್ತಿತ್ತು, ಹೊರಗಿನವರಿಗೆ ಒಳಗಿನದು ಕಾಣುತ್ತಿರಲಿಲ್ಲ. ಜ್ವರವಿದ್ದರೂ ಕೆಲಸಕ್ಕೆ ಬಂದವನನ್ನು, ಅವನು ಬಾಯಿ ಬಿಡುವ ಮೊದಲೇ ಮನೆಗೆ ಕಳಿಸಿದರು. ಅವನು ಗೇಟಿನಲ್ಲಿ ನಿಂತು ಅತ್ತದ್ದನ್ನು ನಾನೇ ನೋಡಿದ್ದೇನೆ. ಈ ಕಂಪನಿ ನನಗೆ ಯಾಕೆ ಇಷ್ಟ ಎಂದು ಆಗ ಯಾರಾದರೂ ಕೇಳಿದ್ದರೆ ಹಿಂದುಮುಂದು ನೋಡದೆ ಹೇಳುತ್ತಿದ್ದೆ. ಇಲ್ಲಿ ಯಾರೂ ಯಾರ ಮುಂದೆಯೂ ಹಲ್ಲು ಗಿಂಜಬೇಕಾಗಿಲ್ಲ.

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಅನ್ನುತ್ತಾರಲ್ಲ, ಅದನ್ನು ತಿರುಗಿಸಿ ಕಂಪನಿ ಎಲ್ಲ ಗೋಡೆಗಳ ಮೇಲೂ ಬರೆಸಿತು. 'ಅಳುವ ಮುಂಚೆಯೇ ಹಾಲು.'

ನೌಕರ ಸುಖವಾಗಿರಬೇಕಾದರೆ ಮನೆಯೂ ಸುಖವಾಗಿರಬೇಕೆಂದು ಬಿಲ್ಲೆ ಕ್ವಾರ್ಟರ್ಸಿಗೂ ಬಂತು. ಮನೆಯೊಳಗೆ ಮಾತ್ರ ಒಂದು ವಿಶೇಷ. ಗಂಡನ ನುಂಗಿದ ಮಾತು ಹೆಂಡತಿಯ ಫೋನಿಗೆ, ಹೆಂಡತಿಯದು ಗಂಡನ ಫೋನಿಗೆ ಮೆಲ್ಲಗೆ ತಲುಪುತ್ತಿತ್ತು. ಗುರುಮಲ್ಲೇಶ ಮತ್ತು ನಾನು ಅಲ್ಲಿಯವರೆಗೆ ಚೆನ್ನಾಗಿ ಜಗಳವಾಡುತ್ತಿದ್ದ ದಂಪತಿ. ಒದ್ದೆ ಟವೆಲು ಹಾಸಿಗೆಯ ಮೇಲೆ ಯಾಕೆ, ನಿಮ್ಮಮ್ಮ ನನಗೆ ಹಾಗಂದದ್ದು ಯಾಕೆ, ಎಲ್ಲಕ್ಕೂ ಒಂದು ಸುತ್ತು ಆಗಲೇಬೇಕು. ಜಗಳವಾದ ಮೇಲೆ ಅವರು ಅಡುಗೆಮನೆ ಬಾಗಿಲಲ್ಲಿ ನಿಂತು "ಕಾಫಿ ಸಿಗುತ್ತೋ, ಇಲ್ಲ ಅದಕ್ಕೂ ಕೋಪಾನೋ?" ಅನ್ನುತ್ತಿದ್ದರು. ನಾನು ನಗದೆ ಇರಲು ಪ್ರಯತ್ನಪಟ್ಟು ಸೋಲುತ್ತಿದ್ದೆ.

ಬಿಲ್ಲೆ ಬಂದ ಮೇಲೆ ಟವೆಲು ತಾನಾಗಿ ದಾರದ ಮೇಲೆ ಹೋಯಿತು. ಕಾಫಿ ಕೇಳುವ ಮೊದಲೇ ಅವರ ಮುಂದಿರುತ್ತಿತ್ತು. ಬಾಯಿಬಿಟ್ಟು ಹೇಳಬೇಕಾ, ನಿನಗೇ ಗೊತ್ತಾಗಬಾರದಾ ಎಂದು ನಮ್ಮ ಹೆಂಗಸರು ಗಂಡಂದಿರ ಮೇಲೆ ಮುನಿಸಿಕೊಳ್ಳುವುದುಂಟಲ್ಲ, ಆ ಹರಕೆ ಇಡೀ ಊರಿಗೇ ಫಲಿಸಿದಂತಾಯಿತು. ಸಂಜೆ ಕ್ವಾರ್ಟರ್ಸಿನ ಬೀದಿಯಲ್ಲಿ ನಡೆದರೆ ಕುಕ್ಕರಿನ ಸೀಟಿ ಕೇಳುತ್ತಿತ್ತು, ಮಿಕ್ಸಿ ಕೇಳುತ್ತಿತ್ತು. ಮನುಷ್ಯರ ದನಿ ಕೇಳುತ್ತಿರಲಿಲ್ಲ. ನನಗೆ ಅದು ಶಾಂತಿ ಅನ್ನಿಸಿತ್ತು.

ಆ ಶಾಂತಿಯಲ್ಲೇ ನಮ್ಮ ಇಳಾ ಹುಟ್ಟಿದಳು.

ಆಸ್ಪತ್ರೆಯಲ್ಲಿ ಹುಟ್ಟಿದ ಗಳಿಗೆಯಲ್ಲಿ ಒಂದು ಸಲ ಅತ್ತಳು. ಮೂರನೆಯ ದಿನ ಬಿಲ್ಲೆ ಅಂಟಿಸಿದರು. ಆಮೇಲೆ ಅವಳು ಅತ್ತದ್ದು ನನಗೆ ನೆನಪಿಲ್ಲ. ಹಸಿವೆಂದು ಗಂಟಲು ಅದುರುವಷ್ಟರಲ್ಲಿ ನನ್ನ ಫೋನು ಮಿಡಿಯುತ್ತಿತ್ತು, ನಾನು ಎತ್ತಿಕೊಳ್ಳುತ್ತಿದ್ದೆ. ಒದ್ದೆಯಾಯಿತೆಂದು ಮಿಡಿಯುತ್ತಿತ್ತು, ಬದಲಿಸುತ್ತಿದ್ದೆ. ಎಂಥ ಬಂಗಾರದಂಥ ಮಗು ಎಂದು ನಾನೇ ಬೀಗುತ್ತಿದ್ದೆ. ಅವಳು ಬೆಳೆದು ಶಿಶುವಿಹಾರಕ್ಕೆ ಹೋದಳು. ಅಲ್ಲಿ ಹಾಲು, ನಿದ್ದೆ, ಆಟ ಎಲ್ಲವೂ ಕೇಳುವ ಮೊದಲೇ. ಅವಳಿಗೆ ಮೂರು ತುಂಬಿತು. ಒಂದು ಮಾತೂ ಆಡಿರಲಿಲ್ಲ.

ಕೊಳ್ಳೇಗಾಲದಿಂದ ನನ್ನ ಅಕ್ಕ ಸರ್ವಮಂಗಳ ಬಂದಾಗಲೇ ನನಗೆ ಮೊದಲ ಸಲ ಅಳುಕು ಹುಟ್ಟಿದ್ದು. ಅಕ್ಕನದು ಸಂತೆಯಲ್ಲಿ ಕೂಗಿ ಕರೆಯುವ ಗಂಟಲು. ಅವಳ ಕತ್ತಿನಲ್ಲಿ ಬಿಲ್ಲೆ ಇರಲಿಲ್ಲ. ಇಳಾ ಅವಳ ಮುಖ ನೋಡಲಿಲ್ಲ, ಅವಳ ಬಾಯನ್ನೇ ನೋಡುತ್ತ ಕೂತಳು. ಅಕ್ಕ ಮುದ್ದಾಡಿದಳು, ಕಚಗುಳಿ ಇಟ್ಟಳು, ಕೊನೆಗೆ ಮಗುವಿನ ಕೈಯಿಂದ ಬಿಸ್ಕತ್ತು ಕಿತ್ತುಕೊಂಡು ನೋಡಿದಳು. ಇಳಾ ಕೈಯನ್ನು ಹಾಗೇ ಚಾಚಿಕೊಂಡು ನನ್ನ ಕಡೆ ತಿರುಗಿದಳು. ನನ್ನ ಫೋನು ಮಿಡಿಯಿತು.

"ಏನೇ ದಾಕ್ಷಿ ಇದು? ಮಗೂನೋ ಬೊಂಬೇನೋ?" ಅಕ್ಕ ಬಿಸ್ಕತ್ತು ಹಿಂದಕ್ಕೆ ಕೊಟ್ಟು ಕೈ ಒರೆಸಿಕೊಂಡಳು. "ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸಿದೀನಿ ಅಕ್ಕ. ಕಿವಿ ಚೆನ್ನಾಗಿದೆಯಂತೆ, ಗಂಟಲೂ ಚೆನ್ನಾಗಿದೆಯಂತೆ."

"ಚೆನ್ನಾಗಿದ್ರೆ ಏನ್ ಬಂತು? ನೀವಿಬ್ಬರೂ ಇವಳ ಮುಂದೆ ಮಾತಾಡ್ತೀರೇನೇ? ನಾನ್ ಬಂದು ಎರಡು ದಿನ ಆಯ್ತು, ಗಂಡ ಹೆಂಡ್ತಿ ಒಂದು ಮಾತಾಡಿದ್ದು ಕಾಣೆ. ನನಗೆ ಈ ಮನೇಲಿ ರಾತ್ರಿ ನಿದ್ದೆ ಬರಲ್ಲ, ನೋಡು."

ಅಕ್ಕ ಹೇಳಿದ ದಿನಕ್ಕಿಂತ ಮುಂಚೆಯೇ ಹೊರಟುಹೋದಳು. ನಾನು ಅನಂತಸ್ವಾಮಿಗಳ ಹತ್ತಿರ ಹೋಗಿ ಕೇಳಿದೆ. ಮನೆಯವರ ಮಾತನ್ನು ನಾವು ತೆರೆದು ಕೇಳುವ ಹಾಗಿಲ್ಲ ಎಂಬುದು ನಮ್ಮ ವಿಭಾಗದ ನಿಯಮ. ಅವರು ಮಾತ್ರ ಒಂದಿಷ್ಟು ನೋಡಿ, ನಗುತ್ತ ಹೇಳಿದರು. "ನಿಮ್ಮ ಮಗಳ ಗಂಟಲಲ್ಲಿ ಬೇಕಾದಷ್ಟು ಮಾತಿದೆ ಕಣಮ್ಮ. ಆ ವಯಸ್ಸಿಗೆ ಜಾಸ್ತೀನೇ. ಹೊರಗೆ ಬಿಡೋ ಅಗತ್ಯ ಬಿದ್ದಿಲ್ಲ, ಅಷ್ಟೇ. ಶಿಶುವಿಹಾರದಲ್ಲಿ ಎಲ್ಲ ಮಕ್ಕಳೂ ಹಾಗೇನೇ."

ಎಲ್ಲ ಮಕ್ಕಳೂ ಹಾಗೇನೇ ಎಂಬ ಮಾತಿಗೆ ಸಮಾಧಾನಪಟ್ಟುಕೊಳ್ಳಬೇಕಾಗಿತ್ತು. ಆ ಮಧ್ಯಾಹ್ನ ಶಿಶುವಿಹಾರದ ಗಾಜಿನ ಗೋಡೆಯ ಹೊರಗೆ ನಿಂತು ನೋಡಿದೆ. ಮಕ್ಕಳು ಓಡುತ್ತಿದ್ದರು, ಬೀಳುತ್ತಿದ್ದರು, ಏಳುತ್ತಿದ್ದರು. ಒಬ್ಬ ಹುಡುಗ ಜಾರುಬಂಡೆಯಿಂದ ಬಿದ್ದು ಮೊಣಕಾಲು ಒಡೆದುಕೊಂಡು ರಕ್ತ ನೋಡುತ್ತ ಸುಮ್ಮನೆ ಕೂತಿದ್ದ. ಆಯಾ ಔಷಧಿ ಹಿಡಿದು ನಡೆದು ಬಂದಳು, ಓಡಿ ಬರಲಿಲ್ಲ. ಅಷ್ಟು ಮಕ್ಕಳಿದ್ದ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ನನಗೆ ಭಯವಾಯಿತು. ಆ ಭಯವನ್ನು ನುಂಗಿಕೊಂಡೆ, ಸಂಜೆಯೊಳಗೆ ಆಸ್ಪತ್ರೆಯಿಂದ ನನ್ನ ಮೇಜಿಗೆ ಒಂದು ಶಾಮಕ ಮಾತ್ರೆ ಬಂತು.

ಆ ವರ್ಷ ನವರಾತ್ರಿಗೆ ಕಾರ್ಮಿಕರ ಕಡೆಯಿಂದ ಒಂದು ಬೇಡಿಕೆ ಎದ್ದಿತು. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರ ಗಂಟಲಲ್ಲೂ ಇತ್ತು. ಲೇತಿಗೆ ಆಯುಧಪೂಜೆ ಆಗುತ್ತೆ, ಬಸ್ಸಿಗೆ ಆಗುತ್ತೆ, ಸ್ಕ್ರೂಡ್ರೈವರಿಗೂ ಆಗುತ್ತೆ. ನಮ್ಮನ್ನು ಸಾಕುವ ಕಿವಿಯಪ್ಪನಿಗೆ ಯಾಕಿಲ್ಲ? ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಬಳಸುವಂತಿಲ್ಲ. ಅಂದರೆ ಯಂತ್ರ ನಿಲ್ಲಬೇಕು. ಮುಂಬಯಿಯ ಆಡಳಿತದವರಿಗೆ ಇದರ ತಲೆಬುಡ ತಿಳಿಯಲಿಲ್ಲ. ಆದರೆ ನೌಕರರ ಇಷ್ಟ ಅಂದಮೇಲೆ ಮುಗಿಯಿತು. ಒಪ್ಪಿದರು.

ಬೆಳಿಗ್ಗೆ ಕೆಳಗಿನ ಕೊಠಡಿಯಲ್ಲಿ ಮೊದಲ ಬಾರಿಗೆ ಕಿವಿಯಪ್ಪನನ್ನು ನಿಲ್ಲಿಸಿದರು. ಅದುವರೆಗೆ ನೆಲದಲ್ಲಿ ಒಂದು ಗುಂಯ್‌ಗುಡುವ ಸದ್ದು ಇತ್ತೆಂಬುದು ಅದು ನಿಂತಾಗಲೇ ನಮಗೆ ಗೊತ್ತಾದದ್ದು. ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದರು. ಅರ್ಚಕರು ಕರ್ಪೂರ ಬೆಳಗಿ, ನಾಳೆ ಬೆಳಿಗ್ಗೆ ಪೂಜೆ ಆದಮೇಲೆ ಚಾಲೂ ಮಾಡಿ ಎಂದರು.

ಹೊರಗೆ ಬಸ್ ಡಿಪೋದಲ್ಲಿ ಗುರುಮಲ್ಲೇಶ ಬಸ್ಸುಗಳಿಗೆಲ್ಲ ಬಾಳೆಕಂದು ಕಟ್ಟಿಸಿ, ಚಕ್ರದಡಿ ನಿಂಬೆಹಣ್ಣು ಇಡಿಸಿ ಪೂಜೆ ಮಾಡಿಸುತ್ತಿದ್ದರು. ಇಳಾ ಹೊಸ ರೇಷ್ಮೆ ಲಂಗ ಹಾಕಿಕೊಂಡು ಅಪ್ಪನ ಜೊತೆಗಿದ್ದಳು. ಪೂಜೆಯಾದ ಬಸ್ಸುಗಳಲ್ಲಿ ಮಕ್ಕಳನ್ನು ಕೂರಿಸಿ ಆವರಣದಲ್ಲೇ ಒಂದು ಸುತ್ತು ಹೊಡೆಸುವುದು ನಮ್ಮಲ್ಲಿ ಪ್ರತಿವರ್ಷದ ವಾಡಿಕೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಬ್ಬದ ಊಟ. ಆ ಊಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎಲೆ ಹಾಕಿದರು, ಪಲ್ಯ ಕೋಸಂಬರಿ ಬಂತು, ಅನ್ನ ಬಂತು, ಸಾರು ಒಂದು ಸುತ್ತು ಬಂತು. ಆಮೇಲೆ ಎಲ್ಲ ನಿಂತಿತು. ಬಡಿಸುವವರು ಸೌಟು ಹಿಡಿದು, ಕಿವಿಗೆ ಸೂಚನೆ ಬರಲೆಂದು ಕಾಯುತ್ತ ನಿಂತರು. ಉಣ್ಣುವವರು ಒಣ ಅನ್ನದ ಮೇಲೆ ಕೈಯಿಟ್ಟುಕೊಂಡು, ಸಾರು ಬರಲೆಂದು ಕಾಯುತ್ತ ಕೂತರು. ಸಾವಿರಾರು ಜನ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುವುದು ಕೇಳುತ್ತಿತ್ತು. 'ಇನ್ನೊಂದ್ ಸ್ವಲ್ಪ ಹಾಕಿ' ಅನ್ನಲು ಒಬ್ಬರಿಗೂ ಬರಲಿಲ್ಲ. ನಾನೂ ಅನ್ನಲಿಲ್ಲ. ಸುಮಾರು ಹೊತ್ತಾದ ಮೇಲೆ ಒಬ್ಬರು ಎದ್ದರು, ಮಿಕ್ಕವರೂ ಎದ್ದು ಕೈ ತೊಳೆದುಕೊಂಡು ಹೋದರು.

ಹೊರಗೆ ಬಂದಾಗ ಗುರುಮಲ್ಲೇಶ ಬೇವಿನ ಮರದ ಕೆಳಗೆ ನಿಂತಿದ್ದರು. ಒಬ್ಬರೇ. ನಾನು ಅವರ ಕೈ ನೋಡಿದೆ, ಅವರು ನನ್ನ ಸೊಂಟ ನೋಡಿದರು. ಇಬ್ಬರ ಮುಖವೂ ಒಟ್ಟಿಗೆ ಬಿಳಿಚಿಕೊಂಡಿತು. ಮಗು ಅಪ್ಪನ ಹತ್ತಿರ ಇದೆ ಅಂತ ನಾನು, ಅಮ್ಮನ ಹತ್ತಿರ ಇದೆ ಅಂತ ಅವರು. ಇಲ್ಲದಿದ್ದರೆ ಫೋನು ಮಿಡಿಯುತ್ತಿತ್ತಲ್ಲ! ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

"ಇಳಾ?" ಎಂದರು. ಎಷ್ಟೋ ದಿನದ ಮೇಲೆ ಅವರ ದನಿ ಕೇಳಿದೆ. ತುಕ್ಕು ಹಿಡಿದಿತ್ತು.

ಹುಡುಕಿದೆವು. ಶಿಶುವಿಹಾರ, ಮನೆ, ಉದ್ಯಾನ, ದೇವಸ್ಥಾನದ ಕೊಳ. ಕೊಳದ ನೀರು ನಿಶ್ಚಲವಾಗಿತ್ತು. ಬೇರೆ ಊರಾಗಿದ್ದರೆ ಬೀದಿಗೆ ಬೀದಿಯೇ ಮಗುವಿನ ಹೆಸರು ಕೂಗಿಕೊಂಡು ಓಡುತ್ತಿತ್ತು. ಇಲ್ಲಿ ಎದುರು ಸಿಕ್ಕವರು ನಮ್ಮ ಮುಖ ನೋಡಿ, ಏನೋ ಆಗಿದೆ ಎಂದು ತಿಳಿದು, ಫೋನು ನೋಡಿಕೊಂಡು, ಅದರಲ್ಲಿ ಏನೂ ಇಲ್ಲದ್ದಕ್ಕೆ ಸುಮ್ಮನೆ ನಿಂತರು. ನಾನು ಕೂಗಲು ಬಾಯಿ ತೆರೆದೆ. ಹೆಸರು ಉಸಿರಾಗಿ ಬಂತು, ಕೂಗಾಗಲಿಲ್ಲ. ಮಗಳನ್ನು ಒಂದು ಸಲವೂ ಗಟ್ಟಿಯಾಗಿ ಕರೆದಿರಲಿಲ್ಲ ಎಂಬುದು ಆಗ ಹೊಳೆಯಿತು.

ಡಿಪೋಗೂ ಹೋದೆ. ಸಾಲುಸಾಲಾಗಿ ನಿಂತ ಬಸ್ಸುಗಳ ನಡುವೆ, ಬಾಡುತ್ತಿದ್ದ ಬಾಳೆಕಂದುಗಳನ್ನು ಸರಿಸಿಕೊಂಡು, "ಇಳಾ, ಇಳಾ" ಎಂದು ಪಿಸುಗುಟ್ಟುತ್ತ ಆ ತುದಿಯಿಂದ ಈ ತುದಿಗೆ ನಡೆದೆ. ಮಕ್ಕಳ ಸುತ್ತು ಮುಗಿದಿತ್ತು, ಬಸ್ಸುಗಳಿಗೆಲ್ಲ ಬೀಗ ಬಿದ್ದಿತ್ತು. ಕಪ್ಪು ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಒಂದು ಅಳು ಕೇಳಿಸಲಿ ಎಂದು ನಿಂತು ಕಿವಿಗೊಟ್ಟೆ. ಏನೂ ಇಲ್ಲ. ಇಲ್ಲಿಲ್ಲ ಎಂದುಕೊಂಡು ಹೊರಟುಬಂದೆ.

ಅಲ್ಲಿಂದ ಓಡಿದ್ದು ಕಿವಿಯಪ್ಪನಿದ್ದ ಕೆಳಗಿನ ಕೊಠಡಿಗೆ. ಅನಂತಸ್ವಾಮಿಗಳು ಹಾರ ಹಾಕಿದ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು, ಹೆಂಡತಿ ಊರಿಗೆ ಹೋದ ಗಂಡನ ಹಾಗೆ ಕೂತಿದ್ದರು.

"ಯಂತ್ರ ಹಾಕಿ ಸಾರ್."

"ಪೂಜೆಗೆ ಇಟ್ಟಿರೋದನ್ನ ಮುಟ್ಟಬಾರದು ಅಂತಾರೆ ಕಣಮ್ಮ. ನಾಳೆ..."

"ಮಗು ಕಾಣ್ತಿಲ್ಲ ಸಾರ್!"

ಅವರು ಲವಂಗ ಉಗಿದರು. ಎದ್ದು ತಾವೇ ಹಾರ ಕಿತ್ತರು.

ನೆಲ ಮತ್ತೆ ಗುಂಯ್‌ಗುಟ್ಟಿತು. ಗೋಡೆಯ ಪೆಟ್ಟಿಗೆಗಳು ಎಚ್ಚರವಾಗುವವರೆಗೆ ಬಿಲ್ಲೆಗಳು ಬೆಳಗಿನಿಂದ ಹಿಡಿದ ಮಾತನ್ನೆಲ್ಲ ತಮ್ಮಲ್ಲೇ ಇಟ್ಟುಕೊಂಡಿದ್ದವು. ಎಲ್ಲ ಒಮ್ಮೆಗೇ ನುಗ್ಗಿ ಬಂದವು. ಪರದೆಯ ಮೇಲೆ ಸಾರು, ಸಾರು, ಸಾರು ಎಂದು ಸಾವಿರಾರು ಸಾಲು ಹರಿಯಿತು. ಅವರು ಅದನ್ನೆಲ್ಲ ತಳ್ಳಿ, ಇಳಾಳ ಬಿಲ್ಲೆಯನ್ನು ಹುಡುಕಿ, ಕೇಳುವ ಗುಂಡಿ ಒತ್ತಿದರು. ಕಿವಿಯಪ್ಪನಿಗೆ ಒಂದೇ ದನಿ. ಗಂಡಸಿನದಲ್ಲ, ಹೆಂಗಸಿನದಲ್ಲ, ಮಗುವಿನದಂತೂ ಅಲ್ಲವೇ ಅಲ್ಲ. ನನ್ನ ಮಗಳ ಮಾತನ್ನು ಜೀವಮಾನದಲ್ಲಿ ಮೊದಲ ಸಲ ನಾನು ಕೇಳಿದ್ದು ಆ ದನಿಯಲ್ಲಿ.

"ಬಸ್ಸು ನಿಂತೋಯ್ತು. ನಿದ್ದೆ ಬಂದಿತ್ತು. ಎಲ್ಲಾರೂ ಇಳಿದೋಗಿದಾರೆ. ಹೂವು ಚೆನ್ನಾಗಿದೆ. ಸೆಕೆ. ಲಂಗ ಚುಚ್ಚುತ್ತೆ. ಅಪ್ಪ ಹೋಗ್ತಾ ಇದಾರೆ. ಅಪ್ಪಂಗೆ ಗೊತ್ತು."

ಒಂದು ಬಿಡುವು.

"ಸೆಕೆ. ನೀರು. ನೀರು. ಅಮ್ಮ ಬಂದ್ಲು."

ನಾನು ಮೇಜು ಹಿಡಿದುಕೊಂಡೆ.

"ಅಮ್ಮ ಇಲ್ಲೇ ನಿಂತಿದಾಳೆ. ಅಮ್ಮ ನನ್ನೇ ನೋಡ್ತಿದಾಳೆ. ಅಮ್ಮಂಗೆ ಗೊತ್ತು. ನೀರು. ಅಮ್ಮ ಹೋದ್ಲು. ಅಮ್ಮ ಆಮೇಲೆ ಬರ್ತಾಳೆ. ನೀರು."

ಆಮೇಲೆ ಬರೀ ನೀರು, ನೀರು. ಆಮೇಲೆ ಅದೂ ಇಲ್ಲ.

ಡಿಪೋಗೆ ಹೇಗೆ ಓಡಿದೆನೋ ನನಗೆ ಗೊತ್ತಿಲ್ಲ. ಅವಳ ಮಾತು ಹಿಡಿದ ಗೋಡೆಯ ಪೆಟ್ಟಿಗೆಯ ಪಕ್ಕದ ಬಸ್ಸುಗಳ ಸಾಲಿನಲ್ಲಿ, ಅಷ್ಟರಲ್ಲಿ ಓಡಿಬಂದಿದ್ದ ಗುರುಮಲ್ಲೇಶ ಬೀಗದ ಕೈ ಹುಡುಕುತ್ತ ನಿಲ್ಲದೆ, ಜಾಕಿಯ ಸರಳು ತೆಗೆದು ಬಸ್ಸಿನ ಗಾಜನ್ನೇ ಒಡೆದರು. ಒಳಗಿನ ಗಾಳಿ ಒಲೆಯ ಬಾಯಿಯಂತೆ ಮುಖಕ್ಕೆ ಹೊಡೆಯಿತು. ಹಿಂದಿನ ಸೀಟಿನಲ್ಲಿ ಇಳಾ ಕಿಟಕಿಗೆ ಒರಗಿಕೊಂಡು ಕೂತಿದ್ದಳು. ತುಟಿ ಒಡೆದಿತ್ತು, ಮೈ ಕಾದಿತ್ತು, ಕಣ್ಣು ತೆರೆದಿತ್ತು. ನನ್ನನ್ನು ನೋಡಿದಳು. ಆ ನೋಟದಲ್ಲಿ ಭಯವಿರಲಿಲ್ಲ, ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ವಲ್ಪ ತಡವಾಗಿ ಬಂದ ಹಾಲನ್ನು ನೋಡುವ ಹಾಗೆ ನೋಡಿದಳು.

ಆಸ್ಪತ್ರೆಯವರು ಉಳಿಸಿಕೊಟ್ಟರು. ಕಂಪನಿಯ ಆಸ್ಪತ್ರೆ, ಒಳ್ಳೆಯ ಆಸ್ಪತ್ರೆ, ಸುಳ್ಳು ಹೇಳುವುದಿಲ್ಲ. ಅವಳು ಮಲಗಿದ್ದಾಗ ಅವಳ ಗಂಟಲಿನ ಬಿಲ್ಲೆ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಗುರುಮಲ್ಲೇಶ ಮಂಚದ ಆಚೆ ಕೂತು, ಸದ್ದಿಲ್ಲದೆ, ಭುಜ ಅಲುಗಿಸುತ್ತ ಅತ್ತರು.

ಹಬ್ಬ ಮುಗಿದ ಮೇಲೆ ಕಂಪನಿ ಎಲ್ಲರ ನುಂಗಿದ ಮಾತನ್ನೂ ಸೋಸಿ ನೋಡಿತು. ಇನ್ನು ಮುಂದೆ ಕಿವಿಯಪ್ಪನನ್ನು ಯಾವ ಹಬ್ಬಕ್ಕೂ ನಿಲ್ಲಿಸಬಾರದು ಎಂದು ತೀರ್ಮಾನವಾಯಿತು. ಅದಕ್ಕೆ ಬೇರೆಯೇ ಬ್ಯಾಟರಿ. ಪ್ರತಿ ಬಸ್ಸಿನೊಳಗೂ ಒಂದು ಪೆಟ್ಟಿಗೆ. ಎಲ್ಲರಿಗೂ ಸಮಾಧಾನವಾಯಿತು. ಯೋಚಿಸಿ ನೋಡಿದರೆ ಅದು ತಪ್ಪೆಂದು ಹೇಳುವುದೂ ಕಷ್ಟ, ಮಗು ಸಿಕ್ಕಿದ್ದೇ ಯಂತ್ರದಿಂದ. ನನಗೆ ಮಾತ್ರ ಇಲ್ಲಿಂದ ಹೊರಡಬೇಕು ಅನ್ನಿಸುತ್ತಿತ್ತು. ಇನ್ನೊಂದು ವರ್ಷ ಇಲ್ಲಿದ್ದರೆ ಇವಳ ಬಾಯಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ ಅನ್ನಿಸುತ್ತಿತ್ತು.

ನಾನು ಹೇಳುವ ಮೊದಲೇ ಗುರುಮಲ್ಲೇಶನ ಫೋನು ಹೇಳಿತ್ತು.

"ಹೋಗಬೇಕು ಅಂತಿದೀಯಂತೆ," ಎಂದರು. "ಹೋಗೋದು ಬೇಡ ಅಂತಾನೂ ಇದೆಯಂತೆ, ದಾಕ್ಷೀ. ಎರಡೂ ಇದೆಯಂತೆ ನಿನ್ನ ಗಂಟಲಲ್ಲಿ."

ಅದು ನಿಜವಾಗಿತ್ತು.

"ನನಗೆ ಹೊರಗಡೆ ಬದುಕೋಕೆ ಬರಲ್ಲ ಕಣೆ," ಎಂದರು. ಆ ಮಾತನ್ನು ಅವರು ನುಂಗದೆ ಹೇಳಿದ್ದಕ್ಕೆ ನನಗೆ ಅವರ ಮೇಲೆ ಮೊದಲಿನಷ್ಟೇ ಪ್ರೀತಿ ಬಂತು.

ಮರುದಿನ ಇಳಾಳನ್ನು ಕರೆದುಕೊಂಡು ಸಿಬ್ಬಂದಿ ಕಚೇರಿಗೆ ಹೋದೆ. ಉದ್ದನೆಯ ಹಾಲ್, ಸಾಲು ಮೇಜು, ಸಾಲು ತಲೆಗಳು, ಬೆರಳುಗಳ ಟಪಟಪ ಬಿಟ್ಟರೆ ಸದ್ದಿಲ್ಲ. ಎದುರಿನ ಗಾಜಿನ ಗೋಡೆಯ ಆಚೆಗೆ ಶಿಶುವಿಹಾರ. ಅಧಿಕಾರಿ ಫಿಲೋಮಿನಾ ಮೇಡಂ ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ಕಪಟವಿಲ್ಲದ ಹೆಂಗಸು. ಅವರ ಕಣ್ಣಲ್ಲಿ ನೀರಿತ್ತು.

"ನೀವೇನೂ ಹೇಳಬೇಕಾಗಿಲ್ಲ ದಾಕ್ಷಾಯಿಣಿ. ನಮಗೆಲ್ಲ ತಿಳಿದಿದೆ," ಎಂದರು ಪಿಸುದನಿಯಲ್ಲಿ. "ನಿಮಗೆ ಕೋಪ ಇದೆ. ಭಯ ಇದೆ. ಆದ್ರೆ ಇಲ್ಲಿನ ಆಸ್ಪತ್ರೆ ಬಿಡೋಕೆ ಇಷ್ಟ ಇಲ್ಲ. ಗಂಡನ್ನ ಬಿಡೋಕೆ ಇಷ್ಟ ಇಲ್ಲ. ತೂಗಿ ನೋಡಿದ್ರೆ ಇರೋದೇ ಹೆಚ್ಚು ಇಷ್ಟ ಅಂತ ಬಂದಿದೆ. ನಿಮ್ಮ ಒಳಗಿನ ಮಾತನ್ನ ನಾವು ಗೌರವಿಸ್ತೀವಿ. ನಿಮ್ಮ ರಾಜೀನಾಮೆ ಬೇಡ ಅಂತ ಆಗಲೇ ತೀರ್ಮಾನ ಆಗಿದೆ."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಗಂಟಲಲ್ಲಿ ಅದೆಲ್ಲ ಇತ್ತು. ಅದೇ ನನ್ನನ್ನು ಹೆದರಿಸಿತು. ಗಂಟಲು ಎನ್ನುವುದು ಸಂತೆ, ಅಲ್ಲಿ ಎಲ್ಲ ಮಾತೂ ಇರುತ್ತವೆ. ಅದರಲ್ಲಿ ಇದು ನನ್ನದು ಎಂದು ಒಂದನ್ನು ಆರಿಸಿ ಹೊರಗೆ ತರುವುದಕ್ಕೆ ತಾನೇ ಬಾಯಿ ಇರುವುದು? ಆ ಬಾಯನ್ನು ನಾವೆಲ್ಲ ಊಟಕ್ಕೆ ಮಾತ್ರ ಉಳಿಸಿಕೊಂಡಿದ್ದೆವು.

"ಇಲ್ಲ," ಎಂದೆ. ದನಿ ಹೊರಡಲಿಲ್ಲ.

ಫಿಲೋಮಿನಾ ಮೇಡಂ ಫೋನು ನೋಡಿದರು, ಮೆಲ್ಲಗೆ ನಕ್ಕರು. "ನೋಡಿ, ಈಗ್ಲೂ ಎರಡೂ ಇದೆ."

ನಾನು ಬಿಲ್ಲೆಗೆ ಉಗುರು ಹಾಕಿ ಕಿತ್ತೆ. ಚರ್ಮ ಕಿತ್ತುಬಂತು. ಎದೆಯ ತುಂಬ ಉಸಿರು ತುಂಬಿಕೊಂಡೆ.

"ನಾನು ಬಿಡ್ತೀನಿ! ಈ ಕೆಲಸ ಬಿಡ್ತೀನಿ! ಈ ಊರು ಬಿಡ್ತೀನಿ! ನಾನು ಹೇಳ್ತಾ ಇರೋದು ಕೇಳಿ ನೀವು! ನಾನು, ನಾನು ಹೇಳ್ತಾ ಇದೀನಿ!"

ಅದು ನನ್ನ ದನಿಯೇ ಅನ್ನಿಸಲಿಲ್ಲ. ಹರಿದ ತಮಟೆಯ ಹಾಗಿತ್ತು. ಹಾಲಿನ ತುಂಬ ಬೆರಳುಗಳು ನಿಂತವು, ತಲೆಗಳು ಎದ್ದವು, ಒಬ್ಬೊಬ್ಬರ ಕೈಯೂ ತಾನಾಗಿ ಅವರವರ ಗಂಟಲಿಗೆ ಹೋಯಿತು. ನನ್ನ ಸೆರಗು ಹಿಡಿದು ನಿಂತಿದ್ದ ಇಳಾ ಬೆಚ್ಚಿ ಹಿಂದಕ್ಕೆ ಸರಿದಳು. ನನ್ನ ಬಾಯನ್ನು ನೋಡಿದಳು. ಇಂಥ ಅಮ್ಮನನ್ನು ಅವಳು ನೋಡಿರಲಿಲ್ಲ. ಅವಳ ಗಲ್ಲ ನಡುಗಿತು, ಮುಖ ಕೆಂಪಾಯಿತು, ತುಟಿ ಬಿಲ್ಲಿನಂತೆ ಬಾಗಿತು. ಮತ್ತೆ ಎಲ್ಲಿಂದಲೋ, ಮೂರು ವರ್ಷದ ಆಳದಿಂದ, ಒಂದು ಅಳು ಎದ್ದು ಬಂತು.

ಅಬ್ಬಾ, ಎಂಥ ಅಳು! ಕಿವಿ ತೂತು ಬೀಳುವಂಥದ್ದು. ಯಾರೋ ಕುರ್ಚಿ ಬೀಳಿಸಿಕೊಂಡು ಎದ್ದರು. ಎಷ್ಟೋ ಕಾಲದಿಂದ ಆ ಸದ್ದು ಕೇಳದ ಜನ ಅದು ಏನೆಂದು ತಿಳಿಯದೆ ಛಾವಣಿ ನೋಡಿದರು, ಬಾಗಿಲು ನೋಡಿದರು. ಫಿಲೋಮಿನಾ ಮೇಡಂ ಗಾಬರಿಯಾಗಿ ಮೇಜಿನ ಮೇಲಿದ್ದ ಚಾಕಲೇಟು ತೆಗೆದು ಮಗುವಿನ ಕಡೆ ಚಾಚಿದರು.

"ಬೇಡ," ಎಂದೆ ಅವರ ಕೈ ಹಿಡಿದು. "ಅಳಲಿ."

ನನ್ನ ಕೈಗಳು ಅವಳನ್ನು ಸಮಾಧಾನ ಮಾಡಲು ತುಡಿಯುತ್ತಿದ್ದವು. ಎತ್ತಿಕೊಂಡೆ, ಆದರೆ ಸುಮ್ಮನಿರು ಅನ್ನಲಿಲ್ಲ. ನನ್ನ ಹೆಗಲ ಮೇಲೆ ಅವಳು ಬಾಯ್ತುಂಬ ಕಿರುಚುತ್ತಿದ್ದಳು, ನನಗೆ ಸಂತೋಷಕ್ಕೆ ಕಣ್ಣೀರು ಹರಿಯುತ್ತಿತ್ತು.

ಆಗ ಗಾಜಿನ ಗೋಡೆಯ ಕಡೆ ತಿರುಗಿದೆ. ಶಿಶುವಿಹಾರದ ಮಕ್ಕಳು ಆಟ ಬಿಟ್ಟು ಒಬ್ಬೊಬ್ಬರಾಗಿ ಬಂದು ಗಾಜಿಗೆ ಮುಖ ಒತ್ತಿ ನಿಂತಿದ್ದರು. ಎಲ್ಲರ ಕಣ್ಣೂ ಇಳಾಳ ಬಾಯಿಯ ಮೇಲೆ. ಮುಂದಿದ್ದ ಒಂದು ಮಗು ಅವಳನ್ನು ನೋಡುತ್ತ ತಾನೂ ಬಾಯಿ ತೆರೆಯಿತು. ಪಕ್ಕದ್ದೂ ತೆರೆಯಿತು. ಸಾಲಿಗೆ ಸಾಲು ಬಾಯಿಗಳು ತೆರೆದವು. ಇನ್ನೂ ಯಾವುದರಿಂದಲೂ ಸದ್ದು ಹೊರಟಿರಲಿಲ್ಲ.

ಆಯಾ ಓಡಿಬಂದು ಪರದೆ ಎಳೆದಳು. ನಾನು ಅಳುವ ಮಗುವನ್ನು ಎತ್ತಿಕೊಂಡು, ಆ ಅಳು ಒಳಗಿನ ಮಕ್ಕಳಿಗೂ ಕೇಳಲೆಂದು ಶಿಶುವಿಹಾರದ ಬಾಗಿಲನ್ನು ದಾರಿಯಲ್ಲಿ ಅಗಲಕ್ಕೆ ತೆರೆದಿಟ್ಟು, ಮೆಟ್ಟಿಲಿಳಿದೆ.